ಟೊಂಕ ಹಿಡಿದು ಬಂದವರಿಗೆ ಸೂಜಿ ಹಾಕುವಾಗ

"ಊಟ ಆಯ್ತೇನ್ರಿ?" ನನ್ನ ಅಕ್ಯುಪಂಕ್ಚರ್ ಕ್ಲಿನಿಕ್ಕಿಗೆ ಯಾರೇ ಬಂದರೂ ಮೊದಲು ಕೇಳುವುದು ಇದನ್ನೇ. ಕಲಬುರಗಿಯಲ್ಲಿ ಎಲ್ಲರೂ ಕೇಳುವ ಮಾತಲ್ವಾ, ಜನ ಸುಮ್ನೆ "ಆಯ್ತ್ರಿ" ಅಂದುಬಿಡುತ್ತಾರೆ. ನಾನು ಬಿಡುವುದಿಲ್ಲ. ಏನು ಉಂಡಿರಿ, ಎಷ್ಟೊತ್ತಿಗೆ ಅಂತ ಮತ್ತೆ ಕೇಳುತ್ತೇನೆ. ಶುರುವಿನ ದಿನಗಳಲ್ಲಿ ಒಂದು ಶ್ರಾವಣ ಸೋಮವಾರ, ಉಪವಾಸ ಇದ್ದ ಅಕ್ಕ ಒಬ್ಬರಿಗೆ ಕೂರಿಸಿಯೇ ಸೂಜಿ ಹಾಕಿದ್ದೆ. ಬೆವತು, ಮುಖ ಬಿಳುಚಿ, ಪಕ್ಕಕ್ಕೆ ವಾಲಿಬಿಟ್ಟರು. ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತಿ ಹಿಡಿದೆ. ಪೂರ್ತಿ ಎಚ್ಚರವಾದ ಮೇಲೆ ಸಕ್ಕರೆ ನೀರು ಕುಡಿಸಿದೆ. ಚೇತರಿಸಿಕೊಂಡರು. ಅವತ್ತಿನಿಂದ ಹಸಿದ ಹೊಟ್ಟೆಯವರಿಗೆ ಸೂಜಿ ಇಲ್ಲ, ಕೂರಿಸಿ ಹಾಕುವುದೂ ಇಲ್ಲ.

ನನ್ನಲ್ಲಿಗೆ ಬರುವವರಲ್ಲಿ ಟೊಂಕ ನೋವಿನವರೇ ಜಾಸ್ತಿ. ತೊಗರಿ ರಾಶಿಯ ಕಾಲಕ್ಕಂತೂ ದಿನವಿಡೀ ಬಗ್ಗಿ ಕುಡುಗೋಲು ಹಿಡಿದ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಶಹಾಬಾದ್ ಕಡೆಯಿಂದ ಲಾರಿಗೆ ಫರ್ಸಿ ಕಲ್ಲು ತುಂಬುವ ಅಣ್ಣ ಒಬ್ಬರು ಬಂದಿದ್ದರು. ಒಂದು ಕೈ ಗೋಡೆ ಮೇಲೆ, ಇನ್ನೊಂದು ಟೊಂಕದ ಮೇಲೆ. ಕಾಲಲ್ಲಿ ಶಕ್ತಿ ಕಡಿಮೆ ಆಗಿದೆಯಾ? ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲವಾ? ತೊಡೆಯ ಸಂದಿ ಮರಗಟ್ಟಿದೆಯಾ? ಜ್ವರ? ತೂಕ ಇಳಿದಿದೆಯಾ? ಒಂದಕ್ಕೆ ಹೌದು ಅಂದರೂ ನಾನು ಸೂಜಿಯ ಪ್ಯಾಕೆಟ್ ಒಡೆಯುವುದಿಲ್ಲ, ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಅವರಿಗೆ ಅಂಥದ್ದೇನೂ ಇರಲಿಲ್ಲ.

ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ದಿಂಬು ಇಟ್ಟೆ. ಸೊಂಟದ ಎರಡೂ ಎಲುಬಿನ ಮೇಲಂಚು ಕೂಡಿಸಿ ಒಂದು ಗೆರೆ ಎಳೆದಂತೆ ನೋಡಿದರೆ ಸುಮಾರಾಗಿ ಎಲ್-4, ಅಂದರೆ ಟೊಂಕದ ಬೆನ್ನೆಲುಬಿನ ನಾಲ್ಕನೇ ಮಣಿ ಸಿಗುತ್ತದೆ, ಎಂಆರ್‌ಐ ರಿಪೋರ್ಟಿನಲ್ಲಿ ಬರೆದಿರುತ್ತಾರಲ್ಲ, ಅದೇ. ಅದರಿಂದ ಎರಡು ಬೆರಳಷ್ಟು ಪಕ್ಕಕ್ಕೆ ಒಂದು ಜಾಗ, ಎಲ್-2ರ ಪಕ್ಕದಲ್ಲಿ ಇನ್ನೊಂದು. ಎರಡೂ ಕಡೆಗೆ. ಆಮೇಲೆ ಮಂಡಿಯ ಹಿಂದೆ, ಮಡಿಕೆಯ ನಟ್ಟನಡುವೆ. ಟೊಂಕ ನೋವಿಗೆ ಮಂಡಿಯ ಹಿಂದೆ ನೋಡು ಅನ್ನುವುದು ಚೀನಾದ ಹಳೆಯ ಪಾಠ. ಹೆಬ್ಬೆರಳಿಂದ ಒತ್ತುತ್ತಾ ಹೋದೆ. ಬಲಗಡೆ ಒಂದು ಕಡೆ ಸ್ನಾಯು ಹಗ್ಗದ ಹಾಗೆ ಬಿಗಿದಿತ್ತು. "ಹಾಂ, ಅಲ್ಲೇ ನೋಡ್ರಿ" ಅಂದರು.

ಸೂಜಿ 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದ. ಇಂಜೆಕ್ಷನ್ ಸೂಜಿಯ ಹಾಗೆ ತೂತಿಲ್ಲ, ಔಷಧಿಯೂ ಇಲ್ಲ. ಒಬ್ಬರಿಗೆ ಬಳಸಿದ್ದನ್ನು ಅಲ್ಲೇ ಎಸೆಯುತ್ತೇನೆ. ಚರ್ಮ ದಾಟುವಾಗ ಇರುವೆ ಕಡಿದಷ್ಟು, ಅಷ್ಟೇ. ಒಳಗೆ ಹೋದ ಮೇಲೆ ಮೆಲ್ಲಗೆ ತಿರುಗಿಸಬೇಕು. ಮೊದಲು ಹಗುರವಾಗಿ ತಿರುಗುವ ಸೂಜಿ ಒಂದು ಹಂತದಲ್ಲಿ ತಡೆಯುತ್ತದೆ. ಮಳೆ ಬಿದ್ದ ಎರೆಹೊಲ ಕಾಲು ಹಿಡಿದಂತೆ ಸ್ನಾಯು ಸೂಜಿಯನ್ನು ಹಿಡಿಯುತ್ತದೆ. ಅದು ನನ್ನ ಬೆರಳಿಗೆ ಗೊತ್ತಾಗುತ್ತದೆ, ಮಲಗಿದವರಿಗೂ ಗೊತ್ತಾಗುತ್ತದೆ. "ಒಳಗ ಭಾರ ಆಗಿ ಜಗ್ಗಿದಂಗ ಆಗ್ಲತ್ತದ್ರಿ" ಅಂದರು. ಅಲ್ಲಿಗೆ ಬಿಟ್ಟೆ. 20 ನಿಮಿಷ. ಎದ್ದಾಗ ಗೋಡೆ ಹಿಡಿಯಲಿಲ್ಲ. ಮೂರು ವಾರ, ವಾರಕ್ಕೆ ಎರಡು ಸಲ ಬಂದರು.

ಹೇಳಲೇಬೇಕಾದ ಮಾತೊಂದಿದೆ. 2007ರಲ್ಲಿ ಜರ್ಮನಿಯಲ್ಲಿ 1,162 ಜನ ಟೊಂಕ ನೋವಿನವರ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಸರಿಯಾದ ಜಾಗದಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಆರು ತಿಂಗಳ ನಂತರ 47.6%ರಷ್ಟು ಜನ ಸುಧಾರಿಸಿದ್ದರು. ಬೇರೆಲ್ಲೋ, ಆಳಕ್ಕಿಳಿಸದೆ ಮೇಲಷ್ಟೇ ಚುಚ್ಚಿಸಿಕೊಂಡವರಲ್ಲಿ 44.2%. ಔಷಧಿ, ಫಿಸಿಯೋಥೆರಪಿ, ವ್ಯಾಯಾಮ ಪಡೆದವರಲ್ಲಿ 27.4%. ಇದನ್ನು ಓದಿದಾಗ ನನಗೆ ಸಂಕಟವಾಯಿತು. ವರ್ಷಗಟ್ಟಲೆ ಕಲಿತದ್ದು ಜಾಗ ಹುಡುಕುವುದನ್ನೇ. ಸೂಜಿಯಿಂದ ಅರ್ಧದಷ್ಟು ಜನರಿಗೆ ಅನುಕೂಲ ಆಗುತ್ತದೆ, ಆದರೆ ಕಾರಣ ಜಾಗವೊಂದೇ ಅಲ್ಲ ಅಂತ ಒಪ್ಪಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಈಗ ಬಂದವರಿಗೆಲ್ಲ ಇದನ್ನು ಮೊದಲೇ ಹೇಳುತ್ತೇನೆ. ಪೂರ್ತಿ ವಾಸಿ ಮಾಡುತ್ತೇನೆ ಅಂತ ಯಾರಿಗೂ ಮಾತು ಕೊಡುವುದಿಲ್ಲ.

ಆ 20 ನಿಮಿಷ ಮೊದಲೆಲ್ಲ ನಾನು ಆಚೆ ಹೋಗುತ್ತಿದ್ದೆ. ಈಗ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತೇನೆ. ಕೆಲಸ ಹೇಗೆ ಮಾಡ್ತೀರಿ ಅಂತ ಕೇಳುತ್ತೇನೆ. ಎರಡು ವಾರ ಭಾರ ಎತ್ತಬೇಡಿ ಅಂದಿದ್ದಕ್ಕೆ ಫರ್ಸಿಯ ಅಣ್ಣ, "ಕೂಲಿ ಬಿಟ್ರ ಮನಿ ಹ್ಯಾಂಗ ನಡೀತದ್ರಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೂಜಿ ತೆಗೆದ ಮೇಲೆ ಒಂದು ಹಲಗೆ ತಂದು ಎತ್ತಿ ತೋರಿಸಿ ಅಂದೆ. ಮಂಡಿ ನೆಟ್ಟಗಿಟ್ಟು, ಟೊಂಕದಿಂದಲೇ ಬಗ್ಗಿ, ತಿರುಗಿಸಿಕೊಂಡು ಎತ್ತಿದರು. ಮಂಡಿ ಮಡಚಿ, ಹಲಗೆಯನ್ನು ಮೈಗೆ ಹತ್ತಿಸಿಕೊಂಡು, ಪೂರ್ತಿ ಎದ್ದು ನಿಂತು ಆಮೇಲೆ ಕಾಲು ತಿರುಗಿಸುವುದನ್ನು ಇಬ್ಬರೂ ಸೇರಿ ಹತ್ತು ಸಲ ಮಾಡಿದೆವು. ಕೊನೆಯ ದಿನ ಅವರ ಜೊತೆ ಲೋಡಿಂಗ್‌ನ ಇನ್ನೊಬ್ಬ ಹುಡುಗನೂ ಬಂದಿದ್ದ. ಅವನಿಗೆ ನೋವಿರಲಿಲ್ಲ. ಹಲಗೆ ಎತ್ತುವುದನ್ನು ನೋಡಲು ಬಂದಿದ್ದ.