ಕ್ಲಿಪ್ ಬೇಡ, ಬೋ ಟೈ ಕೈಯಲ್ಲೇ ಕಟ್ಟಿ

ತಮ್ಮನ ಮದುವೆ ವಿರಾಜಪೇಟೆಯಲ್ಲಿ ಆಯ್ತು. ಬೆಳಗ್ಗೆ ನಮ್ಮ ಕೊಡವರ ನಿಲುವಂಗಿ ಬಿಳಿ ಕುಪ್ಯ, ಸೊಂಟಕ್ಕೆ ಸುತ್ತುವ ಕೆಂಪು ಪಟ್ಟಿ ಚೇಲೆ, ಅದರಲ್ಲಿ ಸಿಕ್ಕಿಸಿದ ಸಣ್ಣ ಪೀಚೆಕತ್ತಿ. ಚೇಲೆಯನ್ನು ದೊಡ್ಡಪ್ಪ ಬಿಗಿಯಾಗಿ ಸುತ್ತಿ ಕಟ್ಟಿದ್ದರು, ಸಂಜೆವರೆಗೂ ಒಂದಿಂಚು ಜಾರಲಿಲ್ಲ. ರಾತ್ರಿ ರಿಸೆಪ್ಷನ್‌ಗೆ ಬಾಡಿಗೆ ಸೂಟು, ಅದರ ಜೊತೆ ಬಂದ ರೆಡಿಮೇಡ್ ಬೋ ಟೈ. ಹಿರಿಯರ ಕಾಲು ಮುಟ್ಟಲು ಬಗ್ಗಿ ಬಗ್ಗಿ ಏಳುವಾಗ ಅದರ ಹುಕ್ ಕಳಚಿ ಟೈ ನೆಲಕ್ಕೆ ಬಿತ್ತು. ಅವನ ಮುಖ ಸಣ್ಣಗಾಗಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಆಮೇಲೆ ನಾನು ಕೈಯಲ್ಲಿ ಕಟ್ಟೋದು ಕಲಿತೆ, ಈಗ ಮನೆಯ ಹುಡುಗರಿಗೆಲ್ಲ ನಾನೇ ಕಟ್ಟುತ್ತೇನೆ.

ಕೊಳ್ಳುವಾಗ ಕಪ್ಪು ರೇಷ್ಮೆಯದ್ದು, ಕಟ್ಟದೆ ಬಿಚ್ಚಿಟ್ಟಿರುವುದನ್ನೇ ಕೇಳಿ. ತುದಿ ಚಿಟ್ಟೆಯ ರೆಕ್ಕೆಯ ಹಾಗೆ ಅಗಲವಾಗಿರುವುದು ಒಂದು ಬಗೆ, ನೇರವಾಗಿ ಸಪೂರ ಇರುವುದು ಇನ್ನೊಂದು. ಮೊದಲ ಸಲಕ್ಕೆ ಚಿಟ್ಟೆಯದ್ದೇ ಒಳ್ಳೆಯದು, ಸ್ವಲ್ಪ ಸೊಟ್ಟ ಆದರೂ ಚೆನ್ನಾಗಿ ಕಾಣುತ್ತದೆ. ಪಟ್ಟಿಯ ಮೇಲೆ 15, 15½, 16 ಅಂತ ಇಂಚಿನ ಅಳತೆ ಇದ್ದರೆ ಶರ್ಟಿನ ಕಾಲರ್ ಅಳತೆಗೆ ಹೊಂದಿಸಿ.

ಗಂಟು ಹೊಸದೇನಲ್ಲ, ಶೂ ಲೇಸಿನ ಗಂಟೇ. ಹಾಗಾಗಿ ಮೊದಲು ಕುರ್ಚಿಯಲ್ಲಿ ಕೂತು, ಮಂಡಿಯ ಮೇಲೆ ತೊಡೆಗೆ ಸುತ್ತಿ ಕಲಿಯಿರಿ. ಕೈ ಕಣ್ಣೆದುರೇ ಇರುತ್ತದಲ್ವಾ, ಕನ್ನಡಿಯ ಗೊಂದಲ ಇಲ್ಲ.

ಈಗ ಕುತ್ತಿಗೆಗೆ. ಕಾಲರ್ ಎತ್ತಿ, ಎಡಗಡೆಯ ತುದಿ ಬಲಗಡೆಯದ್ದಕ್ಕಿಂತ ಒಂದೂವರೆ ಇಂಚು ಕೆಳಗೆ ಇಳಿಯಲಿ. ಉದ್ದ ತುದಿಯನ್ನು ಗಿಡ್ಡದರ ಮೇಲೆ ಹಾಯಿಸಿ, ಕೆಳಗಿಂದ ಕುತ್ತಿಗೆಯ ಹತ್ತಿರ ಮೇಲೆಳೆದು, ಬಿಗಿ ಮಾಡಿ ಭುಜದ ಮೇಲೆ ಹಾಕಿಕೊಳ್ಳಿ. ಗಿಡ್ಡ ತುದಿಯನ್ನು ಅಗಲ ಇರುವ ಕಡೆ ಅಡ್ಡಕ್ಕೆ ಮಡಚಿ, ಕಾಲರ್ ಮಧ್ಯಕ್ಕೆ ಒತ್ತಿ ಹಿಡಿಯಿರಿ. ಇದು ಬೋದ ಮುಂಭಾಗ. ಭುಜದ ಮೇಲಿನ ತುದಿ ಅದರ ನಡುವೆ ನೇರ ಕೆಳಗಿಳಿಯಲಿ.

ಎಲ್ಲರೂ ಸೋಲುವ ಜಾಗ ಮುಂದಿನದ್ದು. ಬೋದ ಎರಡೂ ಬದಿಯನ್ನು ಮುಂದಕ್ಕೆ ಸೇರಿಸಿ ಚಿವುಟಿ ಹಿಡಿದರೆ ಅದರ ಹಿಂದೆ, ಗಂಟಿನ ಬುಡದಲ್ಲಿ, ಸಣ್ಣ ಸಂದು ಸಿಗುತ್ತದೆ. ಕಣ್ಣಿಗೆ ಕಾಣಲ್ಲ, ಬೆರಳಿಂದಲೇ ಹುಡುಕಬೇಕು. ನೇತಾಡುವ ತುದಿಯನ್ನೂ ಮಡಚಿ, ಆ ಮಡಿಕೆಯನ್ನು ಹೆಬ್ಬೆರಳಿಂದ ಸಂದಿನೊಳಗೆ ಅರ್ಧ ತಳ್ಳಿ. ತುದಿಯನ್ನೇ ಪೂರ್ತಿ ಹಾಯಿಸಿಬಿಟ್ಟರೆ ಬೋ ಆಗಲ್ಲ.

ಬಿಗಿ ಮಾಡಲು ಎರಡೂ ಕಡೆಯ ಮಡಿಕೆ ಹಿಡಿದು ಎಳೆಯಿರಿ. ಬಿಡಿ ತುದಿ ಎಳೆದರೆ ಸಡಿಲ ಆಗುತ್ತದೆ, ಲೇಸಿನ ಹಾಗೇ. ಎಡ ಬಲ ಸರಿಮಾಡುತ್ತಾ ಹತ್ತು ನಿಮಿಷ ತಿದ್ದಬೇಡಿ. ಸ್ವಲ್ಪ ಏರುಪೇರು ಇದ್ದರೇನೇ ಅದು ಕೈಯಲ್ಲಿ ಕಟ್ಟಿದ್ದು ಅಂತ ಗೊತ್ತಾಗೋದು, ನನಗೆ ಅದೇ ಇಷ್ಟ.

ಮದುಮಗನಿಗೆ ಕಟ್ಟುವಾಗ ಎದುರು ನಿಲ್ಲಬೇಡಿ, ಎಡ ಬಲ ತಿರುಗುಮುರುಗು ಆಗುತ್ತದೆ. ಹಿಂದೆ ನಿಂತು, ಇಬ್ಬರೂ ಕನ್ನಡಿ ನೋಡುತ್ತಾ ಕಟ್ಟಿ.

ಹಾಂ, ಕಪ್ಪು ಬೋ ರಾತ್ರಿಯ ಉಡುಪು, ಹಗಲಿನ ಸಮಾರಂಭಕ್ಕೆ ಉದ್ದ ಟೈ ಸಾಕು. ಮನೆಗೆ ಬಂದಮೇಲೆ ಗಂಟು ಬಿಚ್ಚಿಯೇ ಇಡಿ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಂದ ದಿನ ನೆರಳಲ್ಲಿ ಗಾಳಿಗೆ ಹಾಕಿ. ಇಸ್ತ್ರಿ ಬೇಕಾದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ.