ಅಡ್ಡಗಾಳಿಯಲ್ಲಿ ಇಳಿಸುವಾಗ ನಾನು ಮಾಡುವುದು

ನಾನು ವಿಮಾನ ಇಳಿಸುವ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನ ರನ್‌ವೇ 08/26, ಅಂದರೆ ಅದರ ಎರಡು ದಿಕ್ಕು 80 ಮತ್ತು 260 ಡಿಗ್ರಿ, ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಆಷಾಢದ ಗಾಳಿ ಎಷ್ಟೇ ಜೋರಿದ್ದರೂ ಪಶ್ಚಿಮದ ಕಡೆಯಿಂದಲೇ ಬರುವುದರಿಂದ, 26ಕ್ಕೆ ಇಳಿಯುವವರಿಗೆ ಬಹುಪಾಲು ಎದುರಿಗೇ ಸಿಗುತ್ತದೆ. ನಿಜವಾದ ಕಾಟ ಏಪ್ರಿಲ್-ಮೇ ಮಧ್ಯಾಹ್ನಗಳದ್ದು. ಗುಡುಗುಮೋಡ ಯಲಹಂಕದ ಆಚೆಯೆಲ್ಲೋ ಇರುತ್ತದೆ, ಇಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ, ವಿಂಡ್‌ಸಾಕ್, ಆಗಲೇ ದಿಕ್ಕು ಬದಲಿಸಿರುತ್ತದೆ.

ಟವರ್‌ನವರು ಗಾಳಿ ‘230 ಡಿಗ್ರಿ, 16 ನಾಟ್’ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಅಂದರೆ 26ಕ್ಕೆ ಕೋನ 30 ಡಿಗ್ರಿ. ಗಾಳಿಯ ವೇಗದ ಅರ್ಧ, 8 ನಾಟ್, ಅಡ್ಡಕ್ಕೆ. ಕೋನ 60 ಆದರೆ ಅಡ್ಡಗಾಳಿ 14ರ ಹತ್ತಿರ. ನಾನು ಹಾರಿಸುವ ಎರಡು ಸೀಟಿನ ಪುಟ್ಟ ವಿಮಾನ ಸೆಸ್ನಾ 152ರ ಕೈಪಿಡಿಯಲ್ಲಿ ಕಂಪನಿಯವರು ಇಳಿಸಿ ತೋರಿಸಿದ ಅಡ್ಡಗಾಳಿ 12 ನಾಟ್. ಅದು ವಿಮಾನದ ಮಿತಿಯಲ್ಲ ಎಂದು ವಾದಿಸುವವರಿದ್ದಾರೆ. ವಾದವೇನೋ ಸರಿ, ಆದರೆ ಇಳಿಸಿ ತೋರಿಸಿದವನು ಟೆಸ್ಟ್ ಪೈಲಟ್! ನಾನು 10ಕ್ಕೇ ನಿಲ್ಲಿಸುತ್ತೇನೆ.

ಗಾಳಿ ಎಡದಿಂದ ಇದ್ದರೆ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತದಲ್ಲಿ, ಮೂಗನ್ನು ಎಡಕ್ಕೆ ಇಟ್ಟುಕೊಂಡೇ ಬರುತ್ತೇನೆ. ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಫ್ಲಾಪ್ 20 ಡಿಗ್ರಿ ಸಾಕು. ನೆಲ ಹತ್ತಿರವಾದಂತೆ ಬಲಗಾಲಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂಗನ್ನು ನೇರ ಮಾಡಿ, ಎಡ ರೆಕ್ಕೆ ತಗ್ಗಿಸುತ್ತೇನೆ. ಎಡ ಚಕ್ರ ಮೊದಲು, ಆಮೇಲೆ ಬಲದ್ದು, ಕೊನೆಗೆ ಮುಂದಿನದು. ಕಾಲು ಪೂರ್ತಿ ಒತ್ತಿದ ಮೇಲೂ ಮೂಗು ನೇರವಾಗದಿದ್ದರೆ, ಆ ಗಾಳಿ ನಮ್ಮದಲ್ಲ. ಥ್ರಾಟಲ್ ಪೂರ್ತಿ ಕೊಟ್ಟು ಮೇಲೇಳುವುದೇ.

ಇಷ್ಟನ್ನು ಎಲ್ಲರೂ ಕಲಿತಿರುತ್ತಾರೆ. ಅವಘಡ ಆಗುವುದು ಹೆಚ್ಚಾಗಿ ಇದರ ನಂತರ. ಚಕ್ರ ತಾಗಿದ ಕೂಡಲೇ ‘ಅಬ್ಬಾ’ ಎಂದು ಕೈ ಸಡಿಲವಾಗುತ್ತದೆ, ಗಾಳಿ ಕಡೆಯ ರೆಕ್ಕೆ ಏಳುತ್ತದೆ, ಮೂಗು ಗಾಳಿಯತ್ತ ತಿರುಗಿ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ. ವೇಗ ಇಳಿದಷ್ಟೂ ರೆಕ್ಕೆ ಏರಿಳಿಸುವ ಐಲರಾನ್‌ಗೆ ಬಲ ಕಡಿಮೆ, ಹಾಗಾಗಿ ಹೆಚ್ಚುಹೆಚ್ಚು ತಿರುಗಿಸಬೇಕು. ಓಟ ನಿಧಾನವಾಗುವ ಹೊತ್ತಿಗೆ ನನ್ನ ಯೋಕ್ (ಐಲರಾನ್ ತಿರುಗಿಸುವ ಹಿಡಿ) ಎಡಕ್ಕೆ ಕೊನೆ ಮುಟ್ಟಿರುತ್ತದೆ. ನಮ್ಮ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು, “ಬಿಡಬೇಡ ಕಣೋ, ಇನ್ನೂ ಹಾರ್ತಾ ಇದೀಯ” ಎನ್ನುತ್ತಿದ್ದರು, ವಿಮಾನ ನೆಲದ ಮೇಲೆ ಓಡುತ್ತಿದ್ದಾಗಲೇ.

ಬೆಂಗಳೂರಿನದೇ ಇನ್ನೊಂದು ತಾಪತ್ರಯ ಎತ್ತರ. ಸುಮಾರು 3,000 ಅಡಿ, ಮೇಲೆ ಮೇ ತಿಂಗಳ ಬಿಸಿಲು. ಗಾಳಿ ತೆಳುವಾಗುವುದರಿಂದ ಮೀಟರ್ 65 ನಾಟ್ ತೋರಿಸುವಾಗ ನಿಜವಾದ ವೇಗ 70 ದಾಟಿರುತ್ತದೆ. ಎಂಜಿನ್ನಿಗೂ ದಮ್ಮಿಲ್ಲ, ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇಳುವುದು, ಮಾಡಿದರೆ ವಿಮಾನ ತೆವಳುತ್ತಾ ಏರುತ್ತದೆ. ಅದಕ್ಕೇ ಆ ತೀರ್ಮಾನವನ್ನು ಫ್ಲೇರ್‌ವರೆಗೆ (ನೆಲ ತಾಗುವ ಮುನ್ನ ಮೂಗೆತ್ತುವ ಹೊತ್ತು) ಎಳೆಯುವುದಿಲ್ಲ. ಗಾಳಿ ತೀರಾ ಕೆಟ್ಟಿದ್ದರೆ ದೂರದಲ್ಲೇ ಸುತ್ತು ಹಾಕುತ್ತಾ ಕಾಯುತ್ತೇನೆ; ಬೇಸಿಗೆ ಮಧ್ಯಾಹ್ನ ಹೊರಡುವಾಗ ಅದಕ್ಕೆ ಬೇಕಾದ ಇಂಧನವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿರುತ್ತೇನೆ.