ಯುದ್ಧಕಾಲದ ಕಾಗದಕ್ಕೆ ಸುಣ್ಣದ ತಿಳಿನೀರು: ನನ್ನ ಅನುಭವ

1942ರಿಂದ 45ರ ಪುಸ್ತಕ ಉಳಿಯಲ್ಲ, ಝೆರಾಕ್ಸ್ ಮಾಡಿಸಿ ಬಿಟ್ಟುಬಿಡಿ ಅಂತ ಕಲಬುರಗಿಯಲ್ಲಿ ಬೈಂಡಿಂಗ್ ಬಲ್ಲವರೇ ಹೇಳುತ್ತಿದ್ದರು. ನಾನು ಉಳಿಸಿದ್ದೇನೆ. ಧಾರವಾಡದಲ್ಲಿ ಅಚ್ಚಾದ 1943ರ ಪುಸ್ತಕವೊಂದರ ಮೂಲೆ ಮಡಚಿದರೂ ಈಗ ಮುರಿಯುವುದಿಲ್ಲ.

ಇಂಥ ಕಾಗದ ಮುರಿಯುವುದು ಅದರೊಳಗಿನ ಹುಳಿಯಿಂದ (ಆಮ್ಲದಿಂದ). ಸುಣ್ಣ ಕದಡಿ, ಅದು ತಳಕ್ಕಿಳಿದ ಮೇಲೆ ಸಿಗುವ ತಿಳಿನೀರು ಆ ಹುಳಿಯನ್ನು ಹೋಗಲಾಡಿಸುತ್ತದೆ. ಮೊದಲು ಎಲ್ಲ ಹಾಳೆಗಳನ್ನೂ ಆ ನೀರಿನ ಒಂದೇ ಟ್ರೇಯಲ್ಲಿ ಅದ್ದುತ್ತಿದ್ದೆ. ಕೆಲವು ಫಾರಂ (ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು) ಚೆನ್ನಾಗಿ ಬಂದವು, ಕೆಲವು ಇನ್ನೂ ಹಳದಿಯಾದವು. ಕಾರಣ ಆ ಕಾಲದ ಕಾಗದದಲ್ಲೇ ಇತ್ತು. 1942ರ ಕೊನೆಗೆ ಬ್ರಿಟಿಷ್ ಸರ್ಕಾರ ಗಿರಣಿಗಳ ಕಾಗದದಲ್ಲಿ ನೂರಕ್ಕೆ 90 ಪಾಲು ತನಗೇ ಇಟ್ಟುಕೊಂಡಿತು. ಜನ ಗಲಾಟೆ ಮಾಡಿದ ಮೇಲೆ 70ಕ್ಕೆ ಇಳಿಸಿತು. ದರವನ್ನೂ ಅದೇ ಕಟ್ಟಿತು, ಮಾಲು ಕಾಳಸಂತೆ ಸೇರಿತು. ಪ್ರೆಸ್ಸಿನವರು ಏನು ಮಾಡಬೇಕು? ಸಿಕ್ಕಿದ ಕಾಗದದಲ್ಲೇ ಅಚ್ಚು ಹಾಕಿದರು. ಹಾಗಾಗಿ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಎರಡು ಮೂರು ಬಗೆಯ ಕಾಗದ ಒಟ್ಟಿಗೇ ಹೊಲಿದಿರುತ್ತದೆ.

ಈಗ ಫಾರಂ ಫಾರಂ ಬೇರೆ ಮಾಡುತ್ತೇನೆ. ಬಿದಿರು, ಹುಲ್ಲಿನ ಕಾಗದಕ್ಕೆ ತಿಳಿನೀರು ಹಾಗೇ, ಬೇರೆ ನೀರು ಬೆರೆಸದೆ. ಕಟ್ಟಿಗೆ ಅರೆದು ಮಾಡಿದ ನ್ಯೂಸ್‌ಪ್ರಿಂಟಿಗೆ ಅರ್ಧಕ್ಕರ್ಧ ನೀರು ಬೆರೆಸಿದ್ದು. ಸುಮಾರು ಇಪ್ಪತ್ತು ನಿಮಿಷ ಸಾಕು. ಅದ್ದುವ ಮುಂಚೆ ಸ್ಪಿರಿಟ್ ಸಿಂಪಡಿಸಿ, ಇಲ್ಲದಿದ್ದರೆ ನೀರು ಒಳಗೆ ಇಳಿಯುವುದಿಲ್ಲ. ಯಾವ ಹಾಳೆ ಯಾವ ಬಗೆ ಅಂತ ನಾನು ಹೇಗೆ ಗುರುತಿಸುತ್ತೇನೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಲಿಯಲು ವರ್ಷಗಳೇ ಹಿಡಿದಿವೆ.

ನಮ್ಮೂರಲ್ಲಿ ಜೋಳ ಜಾಸ್ತಿ ಅಲ್ವಾ, ಹರಿದ ಹಾಳೆ ಜೋಡಿಸುವ ಅಂಟಿಗೂ ಜೋಳದ ಹಿಟ್ಟು ಕಾಯಿಸಿ ನೋಡಿದೆ. ಒಣಗಿದ ಮೇಲೆ ಬಿರುಕು ಬಿಟ್ಟಿತು, ಬಣ್ಣವೂ ಕಪ್ಪಾಯಿತು. ಮೈದಾ ನಾದಿ, ನೀರಲ್ಲಿ ತೊಳೆದು, ತಳಕ್ಕಿಳಿದ ಗಂಜಿಯನ್ನು ಕಾಯಿಸಿದ್ದೇ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಎಂಟರೊಳಗೇ ಹಚ್ಚಿ ಮುಗಿಸಬೇಕು. ಆಮೇಲೆ ಬ್ರಷ್ಷಿನಲ್ಲೇ ಒಣಗುತ್ತದೆ.

ಖರ್ಚೆಲ್ಲ ಜಪಾನಿ ಟಿಶ್ಯೂದು, ಅಂದರೆ ಹಾಳೆಗೆ ಆ ಅಂಟಿನಿಂದ ಹಚ್ಚುವ ತೆಳ್ಳನೆಯ ಗಟ್ಟಿ ಕಾಗದದ್ದು. ಇನ್ನೂರು ಪುಟದ ಪುಸ್ತಕಕ್ಕೆ ಆರೇಳು ನೂರು ರೂಪಾಯಿ ಅದಕ್ಕೇ ಹೋಗುತ್ತದೆ. ಎಲ್ಲ ಹಾಳೆಗೂ ಅಂಟಿಸಬೇಡಿ, ಮಡಿಕೆಗೆ ಮತ್ತು ಹರಿದ ಕಡೆಗೆ ಮಾತ್ರ ಹಾಕಿದರೆ ಅರ್ಧ ಉಳಿಯುತ್ತದೆ. ಸುಣ್ಣಕ್ಕೆ ದುಡ್ಡೇ ಇಲ್ಲ ಅನ್ನಬಹುದು. ಕೂಲಿ ಬೇರೆ. ನಾನು ಎಂಟು ನೂರಕ್ಕೆ ಕಡಿಮೆ ತೆಗೆದುಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಅಚ್ಚಿನ ಮಸಿ ಅಲ್ಲಾಡುವುದಿಲ್ಲ, ಆದರೆ ಲೈಬ್ರರಿಯ ನೇರಳೆ ಸೀಲು ಕರಗಿ ಹಾಳೆಯ ತುಂಬ ಹರಡುತ್ತದೆ. ಸೀಲಿದ್ದ ಹಾಳೆಯನ್ನು ನೀರಿಗೆ ಹಾಕಬೇಡಿ.